ಐವಿಎಫ್ ಇಂಜೆಕ್ಷನ್ ನಡೆಯುವಾಗ ಒಂದು ಸ್ಕ್ಯಾನ್ ತಪ್ಪಿಸಬಹುದೇ?

ಉಡುಪಿಯಿಂದ ಮಂಗಳೂರಿಗೆ ಎರಡು ದಿನಕ್ಕೊಮ್ಮೆ ಬಸ್ಸಿನಲ್ಲಿ ಹೋಗಿಬರುವುದು ಕಷ್ಟ, ಒಂದು ಸ್ಕ್ಯಾನ್ ಬಿಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಫಾಲಿಕಲ್ (ಅಂಡಾಶಯದಲ್ಲಿ ಅಂಡಾಣು ಬೆಳೆಯುವ ಪುಟ್ಟ ಚೀಲ) ಎಷ್ಟು ಮಿಲಿಮೀಟರ್ ಬೆಳೆದಿದೆ ಎಂದು ಅಳೆದೇ ಮುಂದಿನ ಡೋಸ್ ನಿರ್ಧರಿಸುವುದು. ಕೆಲವೊಮ್ಮೆ ರಕ್ತದಲ್ಲಿ ಎಸ್ಟ್ರಾಡಿಯಾಲ್ ಹಾರ್ಮೋನ್ ಕೂಡ ನೋಡುತ್ತಾರೆ. ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ತೊಂದರೆ) ಇದ್ದವರಲ್ಲಂತೂ ಫಾಲಿಕಲ್‌ಗಳು ಒಮ್ಮೆಲೇ ವಿಪರೀತ ಬೆಳೆದು, ರಕ್ತನಾಳದ ನೀರು ಹೊಟ್ಟೆಗೆ ಸೋರುವ ಓಎಚ್‌ಎಸ್‌ಎಸ್ ಎಂಬ ತೊಂದರೆ ಆಗುವ ಭಯ ಹೆಚ್ಚು. ಮೊದಲೇ ಗೊತ್ತಾದರೆ ಡೋಸ್ ಇಳಿಸಬಹುದು, ಎಚ್‌ಸಿಜಿ ಬದಲು ಬೇರೆ ಟ್ರಿಗರ್ (ತೆಗೆಯುವ ಮುಂಚೆ ಅಂಡಾಣು ಪಕ್ವವಾಗಲು ಕೊಡುವ ಇಂಜೆಕ್ಷನ್) ಕೊಟ್ಟು ಭ್ರೂಣ ಫ್ರೀಜ್ ಮಾಡಿಡಬಹುದು.

ಈ ತೊಂದರೆ ಆಮೇಲೂ ಬರಬಹುದು, ಹಾಗಾಗಿ ಅಂಡಾಣು ತೆಗೆದ ಮೇಲೂ ಒಂದೆರಡು ವಾರ ಬೆಳಿಗ್ಗೆ ತೂಕ ನೋಡಿ, ಕ್ಯಾಲೆಂಡರಿನಲ್ಲೇ ಬರೆದಿಡಿ. ದಿನಕ್ಕೆ 1 ಕೆಜಿ ಏರಿದರೆ, ಲಂಗದ ಲಾಡಿ ಬಿಗಿಯಾದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದಂತಾದರೆ ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕುಡಿದು ಮಲಗಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.