ಕೈಗಡಿಯಾರ ತೆಗೆದಿಟ್ಟ ತಾಯಿ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಾರದೆಂದು ಇಲ್ಲಿ ವಯಸ್ಸು, ಬಡಾವಣೆ ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ತಾಯಿ, ಮಗಳು ಇಬ್ಬರೂ ಒಪ್ಪಿದ್ದಾರೆ.

ಮಗಳು ಮೊದಲು ಫೋನ್ ಮಾಡಿ ಕೇಳಿದ್ದು ಮರೆವಿನ ಪರೀಕ್ಷೆಯ ಬಗ್ಗೆ. ತಾಯಿಗೆ 72 ವರ್ಷ. ಗಡಿಯಾರದ ಕಾರ್ಖಾನೆಯಲ್ಲಿ ಜೋಡಣೆಯ ಕೆಲಸ ಮಾಡಿ ನಿವೃತ್ತರಾದವರು. ಪತಿ ತೀರಿಕೊಂಡ ಮೇಲೆ ಮತ್ತಿಕೆರೆಯ ಮನೆಯನ್ನು ಬಾಡಿಗೆಗೆ ಕೊಟ್ಟು, ಒಂದು ವರ್ಷದಿಂದ ವೈಟ್‌ಫೀಲ್ಡ್ ಕಡೆ ಮಗಳ ಅಪಾರ್ಟ್‌ಮೆಂಟಿನಲ್ಲಿ ಇದ್ದರು. ಐದು ತಿಂಗಳಿಂದ ಹೆಸರುಗಳು ನೆನಪಾಗುವುದಿಲ್ಲ, ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರೆ, ಹೊಟ್ಟೆ ಉರಿಯೆಂದು ಊಟ ಬಿಡುತ್ತಾರೆ, ಬೆಳಗಿನ ಜಾವ ಮೂರೂವರೆಗೆ ಎದ್ದು ಕೂರುತ್ತಾರೆ ಎಂದು ಮಗಳು ಹೇಳಿದರು. ಹೊಟ್ಟೆಯ ವೈದ್ಯರು ಎಂಡೋಸ್ಕೋಪಿ ಮಾಡಿ ಏನೂ ಇಲ್ಲವೆಂದಿದ್ದರು, ಮೂಳೆಯ ವೈದ್ಯರು ಕ್ಯಾಲ್ಸಿಯಂ ಬರೆದುಕೊಟ್ಟಿದ್ದರು, ನೆಂಟರು ಅರವತ್ತಕ್ಕೆ ಅರಳು ಮರಳು ಎಂದು ಸಮಾಧಾನ ಹೇಳಿದ್ದರು. ಅಷ್ಟರಲ್ಲಿ ತೂಕ ಆರು ಕೆಜಿ ಇಳಿದಿತ್ತು.

ಮೊದಲ ಭೇಟಿಯಲ್ಲಿ ಮನಸ್ಸಿಗೆ ಬೇಸರವಿದೆಯೇ ಎಂದು ಕೇಳಿದಾಗ ಆ ತಾಯಿ, "ಬೇಜಾರೇನೂ ಇಲ್ಲಮ್ಮ, ಯಾವುದೂ ಬೇಕು ಅನ್ನಿಸಲ್ಲ, ಅಷ್ಟೆ" ಎಂದರು. ಅವರು ಮುಚ್ಚಿಡುತ್ತಿರಲಿಲ್ಲ, ಇದ್ದದ್ದನ್ನೇ ಹೇಳುತ್ತಿದ್ದರು. ಖಿನ್ನತೆಯೆಂದರೆ ಅಳು ಎಂದು ನಾವು ಭಾವಿಸಿರುವುದರಿಂದ ಹಿರಿಯರ ಖಿನ್ನತೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ದುಃಖವೇ ಇಲ್ಲದಿದ್ದರೂ, ಹಿಂದೆ ಇಷ್ಟವಾಗಿದ್ದ ಯಾವುದರಲ್ಲೂ ಆಸಕ್ತಿ ಉಳಿಯದೆ, ಅದರ ಜೊತೆಗೆ ನಿದ್ದೆ, ಹಸಿವು, ಶಕ್ತಿ, ಗಮನ ಇವುಗಳಲ್ಲಿ ಹಲವು ಕೆಟ್ಟು, ಹೆಚ್ಚುಕಡಿಮೆ ಪ್ರತಿದಿನವೂ ಹೀಗೆಯೇ ಎರಡು ವಾರ ಕಳೆದಿದ್ದರೆ ಅದನ್ನು ಖಿನ್ನತೆಯೆಂದು ಪರಿಗಣಿಸಲೇಬೇಕು. ಹಿರಿಯರಲ್ಲಿ ಅದು ಮೈಕೈ ನೋವಾಗಿ, ಗ್ಯಾಸ್ಟ್ರಿಕ್ ಆಗಿ, ಸಿಡುಕಾಗಿ, ಮರೆವಾಗಿ ಮನೆಯವರಿಗೆ ಕಾಣಿಸುತ್ತದೆ.

ಮರೆವಿನ ಬಗ್ಗೆ ಮಗಳಿಗಿದ್ದ ಭಯ ನ್ಯಾಯವಾದದ್ದೇ. ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಡಿಮೆನ್ಶಿಯಾ ಕಾಯಿಲೆಯಲ್ಲಿ ಮರೆವು ಯಾವಾಗ ಶುರುವಾಯಿತೆಂದು ಹೇಳುವುದು ಕಷ್ಟ, ಅನೇಕ ವೇಳೆ ರೋಗಿಗಿಂತ ಮನೆಯವರೇ ಅದರ ಬಗ್ಗೆ ಹೆಚ್ಚು ಚಿಂತಿಸುತ್ತಾರೆ. ಖಿನ್ನತೆಯಿಂದ ಬರುವ ಮರೆವಿಗೆ ಸಾಮಾನ್ಯವಾಗಿ ಒಂದು ಆರಂಭ ಗೊತ್ತಿರುತ್ತದೆ, ಹಿರಿಯರು ತಾವಾಗಿಯೇ "ನನ್ನ ತಲೆ ಕೆಟ್ಟುಹೋಯಿತು" ಎಂದು ದೂರುತ್ತಾರೆ, ಪ್ರಶ್ನೆ ಕೇಳಿದರೆ ತಪ್ಪು ಉತ್ತರ ಕೊಡುವ ಬದಲು "ಗೊತ್ತಿಲ್ಲ" ಎಂದು ಕೈಚೆಲ್ಲುತ್ತಾರೆ. ಆದರೆ ಎರಡೂ ಒಟ್ಟಿಗೆ ಇರಬಹುದು, ಒಂದರ ಹಿಂದೆ ಇನ್ನೊಂದು ಬರಲೂಬಹುದು. ಆದ್ದರಿಂದ ಮನಸ್ಸು ಚೇತರಿಸಿಕೊಂಡ ನಂತರ ನೆನಪಿನ ಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕೆಂದು ಅಂದೇ ಬರೆದುಕೊಟ್ಟೆ.

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಹಿರಿಯರಿಗೆಂದೇ ರೂಪಿಸಿದ ಖಿನ್ನತೆಯ ಪ್ರಶ್ನಾವಳಿಯೊಂದಿದೆ. 1980ರ ದಶಕದ ಆರಂಭದಲ್ಲಿ 30 ಪ್ರಶ್ನೆಗಳೊಂದಿಗೆ ಬಂದ ಅದು 1986ರಲ್ಲಿ 15ಕ್ಕೆ ಇಳಿಯಿತು. ಉತ್ತರ ಹೌದು ಅಥವಾ ಇಲ್ಲ ಎಂದಷ್ಟೇ. ನೋವು, ಸುಸ್ತು ಮುಂತಾದವು ವಯಸ್ಸಾದವರಲ್ಲಿ ಬೇರೆ ಕಾರಣಗಳಿಂದಲೂ ಇರುವುದರಿಂದ ಅದರಲ್ಲಿ ದೇಹದ ಲಕ್ಷಣಗಳನ್ನು ಬೇಕೆಂದೇ ಕೈಬಿಡಲಾಗಿದೆ. 5ಕ್ಕಿಂತ ಹೆಚ್ಚು ಅಂಕ ಬಂದರೆ ಹೆಚ್ಚಿನ ತಪಾಸಣೆ ಬೇಕು. ಮೇಜಿನ ಈಚೆಯಿಂದ ನಾನು ಪ್ರಶ್ನೆಗಳನ್ನು ಓದಿದೆ, ಕೆಲವಕ್ಕೆ ಮಗಳು ಉತ್ತರಿಸಿದರು, ಹಲವಕ್ಕೆ ತಾಯಿ "ಗೊತ್ತಿಲ್ಲ" ಎಂದರು. ಆ "ಗೊತ್ತಿಲ್ಲ"ಗಳನ್ನೂ ಖಿನ್ನತೆಯ ಲೆಕ್ಕಕ್ಕೆ ಹಾಕಿ 11 ಎಂದು ಬರೆದುಕೊಂಡೆ.

ಎರಡನೆಯ ಭೇಟಿಯಲ್ಲಿ ಮಗಳನ್ನು ಹೊರಗೆ ಕೂರಿಸಿ, ತಾಯಿಯ ಪಕ್ಕದಲ್ಲೇ ಕುಳಿತು ಮಾತಾಡಿದೆ. ಬರಿದಾದ ಮಣಿಕಟ್ಟನ್ನು ಕಂಡು ವಾಚ್ ಕಟ್ಟುವುದಿಲ್ಲವೇ ಎಂದು ಕೇಳಿದಾಗ ಅವರು ಹೇಳಿದ್ದು ಇದು: "ರಿಟೈರ್ ಆದಾಗಿಂದ ದಿನಾ ಬೆಳಿಗ್ಗೆ ಕೀ ಕೊಟ್ಟು ಕಿವಿಗೆ ಹಿಡಿದು ನೋಡ್ತಿದ್ದೆ. ಈಗ ಟಿಕ್ ಟಿಕ್ ಕೇಳಿಸಲ್ಲ. ನಿಂತುಹೋಗಿರಬೇಕು ಅಂತ ಬೀರುವಿನಲ್ಲಿ ಇಟ್ಟುಬಿಟ್ಟೆ." ಮುಂದಿನ ಸಲ ತರಲು ಹೇಳಿದೆ. ತಂದರು. ಕೀ ಕೊಟ್ಟೆವು. ಗಡಿಯಾರ ಸರಿಯಾಗಿಯೇ ನಡೆಯುತ್ತಿತ್ತು.

ಕೆಟ್ಟಿದ್ದು ಕಿವಿ. ಮೊಮ್ಮಕ್ಕಳ ವೇಗದ ಮಾತು, ಲಿಫ್ಟಿನಲ್ಲಿ ಸಿಗುವವರ ಹಿಂದಿ, ಟಿವಿಯ ಗದ್ದಲ ಯಾವುದೂ ಅರ್ಥವಾಗದೆ, ಮತ್ತೆ ಮತ್ತೆ ಕೇಳಲು ಸಂಕೋಚಪಟ್ಟು ಅವರು ಕೋಣೆ ಸೇರಿದ್ದರು. ಕೇಳಿಸದವರಿಗೆ ಹೆಸರು ನೆನಪಿರುವುದಾದರೂ ಹೇಗೆ? ನನ್ನ ಪ್ರಶ್ನೆಗಳೂ ಅರ್ಧ ಕೇಳಿಸಿರಲಿಲ್ಲ. ಎದುರಿಗೆ ಕುಳಿತು, ತುಟಿ ಕಾಣುವಂತೆ, ಕಿರುಚದೆ ನಿಧಾನವಾಗಿ ಮತ್ತೆ ಕೇಳಿದಾಗ ಅಂಕ 9 ಬಂತು. ಖಿನ್ನತೆ ನಿಜವೇ ಆಗಿತ್ತು, ಆದರೆ ಅದರ ಒಂದು ಬೇರನ್ನು ನಾನು ಕಂಡಿರಲಿಲ್ಲ.

"ದೇವರು ಬೇಗ ಕರೆದುಕೊಂಡರೆ ಸಾಕು" ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಹಿರಿಯರ ಬಾಯಿಂದ ಕೇಳಿ ಕೇಳಿ ನಾವು ಅದಕ್ಕೆ ಕಿವಿಗೊಡುವುದನ್ನೇ ಬಿಟ್ಟಿದ್ದೇವೆ. ಅವರೂ ಹಾಗೆಂದರು. ಹಾಗಾಗಿ ನೇರವಾಗಿಯೇ ಕೇಳಿದೆ: "ಅಮ್ಮಾ, ನೀವೇ ಜೀವ ಕಳೆದುಕೊಳ್ಳಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ?" ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇರುವವರಿಗೆ ಹೇಳಿಕೊಳ್ಳಲು ಅವಕಾಶವಾಗುತ್ತದೆ. ಎರಡು ಸಲ ಅನ್ನಿಸಿದ್ದುಂಟು, ಏನೂ ಮಾಡಿಲ್ಲ ಎಂದರು. ಅವರ ಅನುಮತಿ ಪಡೆದು ಮಗಳಿಗೆ ತಿಳಿಸಿದೆ. ಮನೆಯ ಎಲ್ಲ ಮಾತ್ರೆಗಳೂ ಮಗಳ ಬಳಿ ಇರಬೇಕು, ಕೆಲವು ವಾರ ತಾಯಿ ಒಬ್ಬರೇ ಇರಬಾರದು, ರಾತ್ರಿ ಆತಂಕವಾದರೆ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತಾಡಬಹುದಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬೇಕು ಎಂದು ಹೇಳಿ, ಅದೇ ವಾರ ಮನೋವೈದ್ಯರ ಭೇಟಿ ಗೊತ್ತುಮಾಡಿದೆವು. ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆಂದೇ ಮನೋವೈದ್ಯಕೀಯ ಸೇವೆ ಇದೆಯೆಂಬುದು ಈ ಊರಿನ ಎಷ್ಟೋ ಮನೆಗಳಿಗೆ ಇನ್ನೂ ತಿಳಿದಿಲ್ಲ.

ಮನೋವೈದ್ಯರು ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಕೊರತೆ, ಬಿ12 ಕೊರತೆ, ರಕ್ತಹೀನತೆ ಇವೆಲ್ಲ ಖಿನ್ನತೆಯನ್ನೇ ಹೋಲುವ ಲಕ್ಷಣಗಳನ್ನು ತರಬಲ್ಲವು. ಇವರಲ್ಲಿ ಬಿ12 ಕಡಿಮೆಯಿತ್ತು, ಅದಕ್ಕೆ ಇಂಜೆಕ್ಷನ್ ಶುರುವಾಯಿತು. ಖಿನ್ನತೆಯ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಿದರು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ತಾಯಿ ತೆಗೆದುಕೊಳ್ಳುತ್ತಿದ್ದರು. ಇವೆರಡೂ ಸೇರಿದರೆ ಹಿರಿಯರ ರಕ್ತದಲ್ಲಿ ಸೋಡಿಯಂ ಇಳಿಯುವ ಸಂಭವವಿರುವುದರಿಂದ ಮೊದಲ ವಾರಗಳಲ್ಲೇ ಅದನ್ನು ಮತ್ತೆ ಪರೀಕ್ಷಿಸಲಾಯಿತು. ತಲೆಸುತ್ತು, ಗೊಂದಲ ಅಥವಾ ನಡಿಗೆಯಲ್ಲಿ ತೂರಾಟ ಕಂಡರೆ ತಡಮಾಡದೆ ವೈದ್ಯರ ಬಳಿ ಬರಬೇಕೆಂದು ಮಗಳಿಗೆ ಒತ್ತಿ ಹೇಳಿದೆ.

"ನಿದ್ದೆ ಮಾತ್ರೆ ಅಭ್ಯಾಸವಾಗಿಬಿಟ್ಟರೆ ಏನು ಗತಿ ಮೇಡಂ?" ಎಂದು ಮಗಳು ಕೇಳಿದರು. ಇದು ನಿದ್ದೆ ಮಾತ್ರೆಯಲ್ಲ, ಚಟ ಹಿಡಿಸುವಂಥದ್ದೂ ಅಲ್ಲ, ಆದರೆ ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು ಎಂದೆ. ಗುಣ ಕಾಣಲು ನಾಲ್ಕರಿಂದ ಎಂಟು ವಾರ, ಹಿರಿಯರಲ್ಲಿ ಕೆಲವೊಮ್ಮೆ ಹನ್ನೆರಡು ವಾರವೂ ಬೇಕು. ಎರಡನೆಯ ವಾರದಲ್ಲೇ ಕೈಬಿಡುವ ಕುಟುಂಬಗಳನ್ನು ನೋಡಿ ನೋಡಿ ನನಗೆ ಸಂಕಟವಾಗುತ್ತದೆ.

ನನ್ನ ಪಾಲಿನ ಕೆಲಸ ಹೆಚ್ಚಾಗಿ ದಿನಚರಿಯದು. ಮಗಳು ಆಗಲೇ ಭಜನೆಗೆ ಹೋಗು, ವಾಕಿಂಗ್ ಮಾಡು, ಒಳ್ಳೆಯದನ್ನೇ ಯೋಚಿಸು ಎಂದೆಲ್ಲ ಹೇಳಿ ನೋಡಿದ್ದರು, ಪ್ರತಿ ಸೋಲೂ ತಾಯಿಗೆ ಇನ್ನೊಂದು ಅಪರಾಧವಾಗಿ ಕಂಡಿತ್ತು. ಮನಸ್ಸು ಬಂದ ಮೇಲೆ ಕೆಲಸವಲ್ಲ, ಚಿಕ್ಕದೊಂದು ಕೆಲಸವಾದ ಮೇಲೆ ಮನಸ್ಸು ಹಿಂದೆ ಬರುತ್ತದೆ ಎಂಬುದು ಈ ಚಿಕಿತ್ಸೆಯ ತಿರುಳು. ಮೊದಲ ವಾರ ಒಂದೇ ಕೆಲಸ: ಬೆಳಿಗ್ಗೆ ಕಾಫಿಯಾದ ಮೇಲೆ ವಾಚಿಗೆ ಕೀ ಕೊಟ್ಟು ಕಟ್ಟಿಕೊಳ್ಳುವುದು. ಎರಡನೆಯ ವಾರ ಗೇಟಿನ ಬಳಿ ಬರುವ ತಳ್ಳುಗಾಡಿಯಿಂದ ಸೊಪ್ಪು ತರುವುದು. ಆಮೇಲೆ ತಿಂಗಳಿಗೆರಡು ಸಲ ಮತ್ತಿಕೆರೆಗೆ ಹೋಗಿ ಹಳೆಯ ಗೆಳತಿಯರ ಜೊತೆ ಅರ್ಧ ದಿನ ಇರುವುದು. ಇದಕ್ಕೆ ಮಗಳು ರಜೆ ಹೊಂದಿಸಲು ಬಹಳ ಒದ್ದಾಡಿದರು. ಆರೈಕೆಯ ಭಾರ ಒಬ್ಬರ ಮೇಲೇ ಬೀಳಬಾರದೆಂದು ಹೊರಊರಿನ ಮಗನನ್ನೂ ಫೋನಿನಲ್ಲಿ ಕೂರಿಸಿಕೊಂಡು ಮಾತಾಡಿದೆ.

ಶ್ರವಣ ಪರೀಕ್ಷೆಯಾಗಿ ಕಿವಿಗೆ ಮಷೀನು ಬಂತು. ಮೊದಲು ಪಾತ್ರೆಯ ಸದ್ದಿಗೂ ಬೆಚ್ಚುತ್ತಿದ್ದರು, ದಿನಕ್ಕೆ ಒಂದೆರಡು ಗಂಟೆಯಂತೆ ಹೆಚ್ಚಿಸಿಕೊಂಡು ಒಗ್ಗಿಸಿಕೊಂಡರು. ಅಪಾರ್ಟ್‌ಮೆಂಟಿನ ಹಿರಿಯರ ಗುಂಪಿಗೆ ಎರಡು ಸಲ ಹೋಗಿ ಬಿಟ್ಟರು. ನಾನು ಒತ್ತಾಯಿಸಲಿಲ್ಲ.

ಹದಿನಾಲ್ಕನೆಯ ವಾರ ಅಂಕ 4ಕ್ಕೆ ಇಳಿದಿತ್ತು, ನೆನಪಿನ ಪರೀಕ್ಷೆಯೂ ಅವರ ವಯಸ್ಸಿಗೆ ತಕ್ಕಂತೆ ಇತ್ತು. ಅದನ್ನು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ಗುಣವಾದ ಮೇಲೂ ಮಾತ್ರೆ ಕನಿಷ್ಠ ಆರು ತಿಂಗಳಿಂದ ಒಂದು ವರ್ಷ ಮುಂದುವರಿಯಬೇಕೆಂದು ವೈದ್ಯರು ಹೇಳಿದ್ದಾರೆ. ಖಿನ್ನತೆ ಮರಳಿದರೆ ಮೊದಲು ಏನು ಕಾಣುತ್ತದೆಂದು ಒಂದು ಹಾಳೆಯಲ್ಲಿ ಬರೆದಿಡಲು ಹೇಳಿದೆ. ತಾಯಿ ಹೇಳುತ್ತಾ ಹೋದರು, ಮಗಳು ಬರೆದುಕೊಂಡರು: ಮೂರೂವರೆಗೆ ಎಚ್ಚರ, ಕಾಫಿ ಬೇಡವೆನ್ನುವುದು, ಮತ್ತಿಕೆರೆಗೆ ಮುಂದಿನ ಸಲ ಹೋಗೋಣ ಎನ್ನುವುದು, ವಾಚು ಬೀರುವಿನಲ್ಲೇ ಉಳಿಯುವುದು. ಇವುಗಳಲ್ಲಿ ಯಾವುದೇ ಎರಡು ಲಕ್ಷಣ ಒಂದು ವಾರ ಕಂಡರೂ ಫೋನ್ ಮಾಡಬೇಕೆಂದು ಕೆಳಗೆ ನನ್ನ ಕೈಯಿಂದ ಬರೆದುಕೊಟ್ಟೆ.