ವಿಆರ್‌ಎಸ್ 245: ದಿನಾ ಓಡಿಸುವುದೋ, ಭಾನುವಾರಕ್ಕೆ ಇಡುವುದೋ?

ನಮಸ್ಕಾರ. ಮನೆ ಕಾರವಾರದಲ್ಲಿ, ಆಫೀಸಿಗೆ 3 ಕಿ.ಮೀ.; ಸ್ಕೋಡಾದ ಟರ್ಬೊ ಪೆಟ್ರೋಲ್ ಕಾರು ಆಕ್ಟೇವಿಯಾ ವಿಆರ್‌ಎಸ್ 245 ದಿನಾ ಒಯ್ಯಲೋ, ವಾರಾಂತ್ಯಕ್ಕೆ ಮಾತ್ರ ತೆಗೆಯಲೋ ಎಂದು ಕೇಳಿದ್ದೀರಿ. ಆ 3 ಕಿ.ಮೀ.ಗೆ ದಯವಿಟ್ಟು ಸ್ಕೂಟರ್ ಒಯ್ಯಿರಿ. ಅಷ್ಟು ಸಣ್ಣ ಓಡಾಟದಲ್ಲಿ ಎಂಜಿನ್ ಆಯಿಲ್ ಪೂರ್ತಿ ಬಿಸಿಯಾಗುವುದೇ ಇಲ್ಲ. ನೀರಿನ ಪಸೆ, ಉರಿಯದೆ ಉಳಿದ ಪೆಟ್ರೋಲ್ ಎರಡೂ ಆಯಿಲಿನಲ್ಲೇ ಸೇರಿಕೊಳ್ಳುತ್ತವೆ.

ಹಾಗಂತ ಹೊದಿಕೆ ಹಾಕಿ ವಾರಗಟ್ಟಲೆ ನಿಲ್ಲಿಸುವುದು ನಮ್ಮ ಕರಾವಳಿಯಲ್ಲಿ ಇನ್ನೂ ಕೆಟ್ಟದ್ದು. ಮಳೆಗಾಲದಲ್ಲಿ ಒಂದು ರಾತ್ರಿ ನಿಂತರೂ ಬ್ರೇಕ್ ಡಿಸ್ಕಿನ ಮೇಲೆ ಕೇಸರಿ ತುಕ್ಕಿನ ಪುಡಿ ಕಾಣುತ್ತದೆ. ಅದು ನಾಲ್ಕೈದು ಸಲ ಬ್ರೇಕ್ ಒತ್ತಿದರೆ ಉಜ್ಜಿ ಹೋಗುತ್ತದೆ. ವಾರಗಟ್ಟಲೆ ಬಿಟ್ಟರೆ ಮಾತ್ರ ಡಿಸ್ಕಿನ ಮೇಲೆ ಬ್ರೇಕ್ ಪ್ಯಾಡ್ ಕೂತ ಜಾಗದಲ್ಲೇ ತುಕ್ಕಿನ ಅಚ್ಚು ಬಿದ್ದು, ಬ್ರೇಕ್ ಹಿಡಿದಾಗ ಪೆಡಲ್ ನಡುಗುತ್ತದೆ. ಆಮೇಲೆ ಡಿಸ್ಕ್ ಬದಲಿಸುವ ಖರ್ಚು.

ಆದ್ದರಿಂದ ವಾರಕ್ಕೆ ಎರಡು ಸಲ, ಪ್ರತಿ ಸಲ ಕನಿಷ್ಠ 30 ನಿಮಿಷ ಓಡಿಸಿ. ಅಂಕೋಲಾಕ್ಕೆ ಹೋಗಿಬಂದರೆ ಧಾರಾಳವಾಯಿತು. ಮೊದಲ ಹತ್ತು ನಿಮಿಷ, ಆಯಿಲ್ ಬಿಸಿಯಾಗುವ ತನಕ, ಆಕ್ಸಿಲರೇಟರ್ ಜೋರಾಗಿ ಒತ್ತಿ ಟರ್ಬೊ ಎಳೆಸಬೇಡಿ. ತೊಳೆದ ಮೇಲೆ ಒಂದು ಸುತ್ತು ಓಡಿಸಿ, ಬ್ರೇಕ್ ಒಣಗಿಸಿಯೇ ನಿಲ್ಲಿಸಿ. ಸಮತಟ್ಟು ನೆಲವಾದರೆ ಗೇರ್ ‘ಪಿ’ಗೆ (ಪಾರ್ಕ್) ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಪ್ಯಾಡ್ ಡಿಸ್ಕಿಗೆ ಅಂಟದಂತೆ ಹ್ಯಾಂಡ್‌ಬ್ರೇಕ್ ಸಡಿಲಿಸಿಡಿ. 15 ದಿನಕ್ಕೊಮ್ಮೆ ಕಾರಿನ ಅಡಿಭಾಗ ಸಿಹಿನೀರಿನಲ್ಲಿ ತೊಳೆಸಿ. ಕಡಲ ಬದಿಯ ಬಾವಿಯ ಸವುಳು ನೀರು ಖಂಡಿತ ಬೇಡ. ಎಂಜಿನ್ ಆಯಿಲ್ ವರ್ಷಕ್ಕೊಮ್ಮೆ ಬದಲಿಸಿ, ಓಡಿದ ಕಿ.ಮೀ. ಎಷ್ಟೇ ಕಡಿಮೆ ಇದ್ದರೂ.

ಇನ್ನೊಂದು ಮಾತು, ಇಲಿ. ನಿಂತ ಕಾರಿನ ಬಾನೆಟ್ ವಾರಕ್ಕೊಮ್ಮೆಯಾದರೂ ಎತ್ತಿ ನೋಡಿ. ಹಿಕ್ಕೆಯೋ ತೆಂಗಿನ ನಾರೋ ಕಂಡರೆ ವೈರಿಂಗ್ ಪರೀಕ್ಷಿಸಿದ ಮೇಲೆಯೇ ಸ್ಟಾರ್ಟ್ ಮಾಡಿ.