ಎರಡು ಸಲ ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್ ಆಗಿರೋ ಫಾಸ್ಟ್ ಬೌಲರ್ ಹೊಸ ಕ್ಲಬ್ಬಿಗೆ ಹೋದರೆ ಮತ್ತೆ ಮೊದಲಿನ ಹಾಗೆ ಆಡಬಹುದಾ?

ವಯಸ್ಸು 22, ಬಲಗೈ ಫಾಸ್ಟ್, ಎಲ್‌5 (ಸೊಂಟದ ಕೊನೆಯ ಬೆನ್ನುಮೂಳೆ) ಎಡಗಡೆ ಎರಡು ಸಲ ಬಿರುಕು, ಹೊಸ ಕ್ಲಬ್ಬು ಕರೆದಿದೆ, ಇಲ್ಲಾಂದ್ರೆ ಆಫ್ ಸ್ಪಿನ್ ಹಾಕಲಾ ಅಂತ ಕೇಳಿದ್ದೀರಿ. ನನ್ನದೇ ಹಳೇ ಎಂಆರ್‌ಐ ರಿಪೋರ್ಟ್ ಓದಿದ ಹಾಗಾಯ್ತು. ನನಗೂ ಎಲ್‌5, ಎಡಗಡೆ, ಎರಡು ಸಲ. ಎರಡನೇದು ಹೊಸ ಕ್ಲಬ್ಬು ಸೇರಿದ ಮೂರನೇ ವಾರದಲ್ಲಿ. ತಪ್ಪು ಆಗಿದ್ದು ಮಾತ್ರ ಮೊದಲನೇ ವಾರದಲ್ಲಿ, ಅದೂ ಬಾಲು ಕೂಡೋ ಲೆಕ್ಕದಲ್ಲಿ. ಅದನ್ನ ಮೊದಲು ಬಿಡಿಸಿ ಹೇಳ್ತೀನಿ.

ಮೊದಲನೇ ಬಿರುಕು ಕೂಡಿದ ಮೇಲೆ ನಾಲ್ಕು ವಾರ ಒಬ್ಬನೇ ಬೌಲ್ ಮಾಡಿದ್ದೆ. ವಾರಕ್ಕೆ 60, 72, 84, 96 ಬಾಲು. ವಾರ್ಮ್‌ಅಪ್ ಬಾಲೂ ಇದರಲ್ಲೇ ಸೇರಿತ್ತು. ಒಟ್ಟು 312, ಅಂದರೆ ವಾರದ ಸರಾಸರಿ 78. ಒಂದು ವಾರದ ಬಾಲು ಈ ಸರಾಸರಿಯ 1.3 ಪಟ್ಟು ದಾಟಬಾರದು, ಒಂದೂವರೆ ಪಟ್ಟು ದಾಟಿದರೆ ಅಪಾಯ ಅನ್ನೋದು ಗೊತ್ತಿತ್ತು. ಹೊಸ ಕ್ಲಬ್ಬಿನ ಮೊದಲ ವಾರಾಂತ್ಯ ಎರಡು ಪಂದ್ಯದಲ್ಲಿ 10 ಓವರ್, 8 ಓವರ್ ಹಾಕಿದೆ. ಡೈರಿಯಲ್ಲಿ 108 ಅಂತ ಬರೆದೆ. 108 ಭಾಗಿಸು 78, ಸುಮಾರು 1.4. ಸ್ವಲ್ಪ ಜಾಸ್ತಿ, ನಡೆಯುತ್ತೆ ಅಂದುಕೊಂಡೆ.

ಬರೆಯದೇ ಬಿಟ್ಟಿದ್ದು ಇಷ್ಟು: ಮಂಗಳವಾರದ ಟ್ರಯಲ್‌ನಲ್ಲಿ 48, ಗುರುವಾರದ ನೆಟ್ಸ್‌ನಲ್ಲಿ 42. ಎರಡೂ ಪಂದ್ಯದ ಮುಂಚೆ ಕೀಪರ್‌ಗೆ ಹಾಕಿದ ವಾರ್ಮ್‌ಅಪ್ 15, 15. ನೋಬಾಲು, ವೈಡು ಸೇರಿ 9. ಓವರ್ ಲೆಕ್ಕದಲ್ಲಿ ನೋಬಾಲು ಬರಲ್ಲ, ಆದರೆ ಮುಂಗಾಲು ನೆಲಕ್ಕೆ ಬಡಿದದ್ದಂತೂ ನಿಜ ತಾನೆ? ಎಲ್ಲ ಕೂಡಿದರೆ 237. ಅಂದರೆ ಸರಾಸರಿಯ ಮೂರು ಪಟ್ಟು. ನಾನು ಒಂದು ಪಾಯಿಂಟ್ ನಾಲ್ಕು ಅಂದುಕೊಂಡು ಆರಾಮಾಗಿದ್ದೆ.

ನೆಟ್ಸ್ ಬಾಲು ಮ್ಯಾಚ್ ಬಾಲಿಗಿಂತ ಹಗುರ ಅನ್ನೋದು ಇನ್ನೊಂದು ಭ್ರಮೆ. ಮ್ಯಾಚಲ್ಲಿ ಆರು ಬಾಲು ಹಾಕಿದ ಮೇಲೆ ಒಂದು ಓವರ್ ಫೈನ್ ಲೆಗ್‌ನಲ್ಲಿ ನಿಲ್ಲುತ್ತೀರಿ. ನೆಟ್ಸಲ್ಲಿ ಬೌಲರುಗಳು ಕಮ್ಮಿ ಇದ್ದರೆ ಬಾಲು ಎತ್ತಿಕೊಂಡು ಬಂದು ಮತ್ತೆ ಓಡೋದೇ, ಮಧ್ಯೆ ಬಿಡುವಿಲ್ಲ. ಸಾಲದ್ದಕ್ಕೆ ಆ ಕ್ಲಬ್ಬಿನ ಪ್ರಾಕ್ಟೀಸ್ ಪಿಚ್ ಸಿಮೆಂಟಿನ ಮೇಲೆ ಮ್ಯಾಟು. ಟರ್ಫಲ್ಲಿ ಮಣ್ಣು ಒಂಚೂರು ಬಿಟ್ಟುಕೊಡುತ್ತೆ. ಮ್ಯಾಟಲ್ಲಿ ಕಾಲು ಬಿದ್ದಲ್ಲೇ ಕಚ್ಚಿ ನಿಲ್ಲುತ್ತೆ. ಮುಂಗಾಲು ಬೀಳೋ ಕ್ಷಣದಲ್ಲಿ ಮೈತೂಕದ ಐದಾರು ಪಟ್ಟು ಬಲ ಮೇಲಕ್ಕೆ ಬರುತ್ತೆ. ಅದೇ ಕ್ಷಣದಲ್ಲಿ ಸೊಂಟ ಹಿಂದಕ್ಕೆ ಬಾಗಿ, ಎಡಕ್ಕೆ ವಾಲಿ, ತಿರುಗುತ್ತಾ ಇರುತ್ತೆ. ಬಲಗೈ ಬೌಲರ್‌ಗೆ ಎಡಗಡೆಯ ಮೂಳೆಯೇ ಬಿರಿಯೋದು ಇದಕ್ಕೆ.

ಆ ವಾರ ಒಂಚೂರೂ ನೋವಿರಲಿಲ್ಲ, ಮೋಸ ಹೋಗೋದು ಅಲ್ಲೇ. ಹೊರೆ ಏಕಾಏಕಿ ಏರಿದರೆ ಮೂಳೆ ಮೊದಲು ಹಳೇದನ್ನು ಕೆರೆದು ತೆಗೆಯುತ್ತೆ, ಹೊಸದು ಆಮೇಲೆ ತುಂಬುತ್ತೆ. ತೆಗೆಯೋದು ವಾರಗಳ ಕೆಲಸ, ತುಂಬೋದು ತಿಂಗಳುಗಳದ್ದು. ನಮ್ಮ ಬೆಂಗಳೂರಿನ ರಸ್ತೆ ಥರ: ಅಗೆಯೋರು ತಕ್ಷಣ ಬರ್ತಾರೆ, ಡಾಂಬರು ಹಾಕೋರು ಯಾವಾಗಲೋ. ಆ ಮಧ್ಯದ ವಾರಗಳಲ್ಲಿ ಮೂಳೆ ಮೊದಲಿಗಿಂತ ಬಡಕಲು. ಮೂರನೇ ವಾರ ನೀವು ಮಾಮೂಲಿ ಸ್ಪೆಲ್ ಹಾಕುವಾಗ ಬೆಲ್ಟಿನ ಗೆರೆಯ ಎಡಕ್ಕೆ, ಒಂದೇ ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ ನೋವು ಶುರುವಾಗುತ್ತೆ. ಎಲ್ಲರೂ ಆ ದಿನದ ಪಂದ್ಯವನ್ನು ಬೈತಾರೆ. ತಪ್ಪು ಮಾಡಿದ್ದು ಎರಡು ವಾರ ಹಿಂದೆ.

ಈಗ ನಿಮ್ಮ ಪ್ರಶ್ನೆ. "ನಾನು ಇಂಜುರಿ ಪ್ರೋನ್" ಅಂತ ಎರಡು ಸಲ ಬರೆದಿದ್ದೀರಿ. ಅದು ರಕ್ತದ ಗುಂಪಲ್ಲ. ಫಾಸ್ಟ್ ಬೌಲರ್ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಆಪರೇಷನ್ ಮಾಡಿಸಿಕೊಂಡ ಮೇಲೆ, 1999ರ ಕೋಲ್ಕತ್ತ ಟೆಸ್ಟಲ್ಲಿ ಪಾಕಿಸ್ತಾನದ ವಿರುದ್ಧ 13 ವಿಕೆಟ್ ತೆಗೆದರು, 2003ರ ವಿಶ್ವಕಪ್ ತನಕ ಆಡಿದರು. ನಿಮ್ಮದು ಎರಡು ಸಲವೂ ಅದೇ ಜಾಗದಲ್ಲಿ ಬಿರಿದಿದೆ. ಹಾಗಾದರೆ ಮೊದಲ ಸಲ ಪೂರ್ತಿ ಕೂಡಿರಲಿಲ್ಲ, ಇಲ್ಲಾ ಬಾಲು ಏಕಾಏಕಿ ಏರಿಸಿದಿರಿ, ಇಲ್ಲಾ ಬೌಲಿಂಗ್ ಆ್ಯಕ್ಷನ್ ಇನ್ನೂ ಅದೇ ಇದೆ. ಕ್ಲಬ್ಬು ಬದಲಾಯಿಸಿದರೆ ಈ ಮೂರರಲ್ಲಿ ಒಂದೂ ಬದಲಾಗಲ್ಲ. ಎರಡನೇದು, ಅಂದರೆ ಬಾಲು ಏಕಾಏಕಿ ಏರೋದು, ಇನ್ನೂ ಹದಗೆಡುತ್ತೆ, ಯಾಕಂದ್ರೆ ಹೊಸ ತಂಡದ ಮೊದಲ ಎರಡು ವಾರ ಎಲ್ಲರೂ ತೋರಿಸಿಕೊಳ್ಳೋಕೆ ಅಂತಲೇ ಬೌಲ್ ಮಾಡ್ತಾರೆ.

ತಂಡ ಬದಲಾಯಿಸಿದ ಮೇಲೆ ಮತ್ತೆ ಮಿಂಚಿದರು ಅಂತ ಫಾಸ್ಟ್ ಬೌಲರ್ ಪ್ರಸಿದ್ಧ್ ಕೃಷ್ಣ ಉದಾಹರಣೆ ಕೊಟ್ಟಿದ್ದೀರಿ. ಸರಿಯಾದ ಉದಾಹರಣೆ, ಓದಿಕೊಂಡಿದ್ದು ತಪ್ಪು. ಸೊಂಟದ ಸ್ಟ್ರೆಸ್ ಫ್ರ್ಯಾಕ್ಚರ್‌ನಿಂದ 2023ರ ಐಪಿಎಲ್ ಹೋಯ್ತು, ತೊಡೆಯ ಆಪರೇಷನ್‌ನಿಂದ 2024ರದ್ದೂ ಹೋಯ್ತು. 2025ರಲ್ಲಿ ಗುಜರಾತ್ ಟೈಟನ್ಸ್‌ಗೆ ಹೋಗಿ 25 ವಿಕೆಟ್ ತೆಗೆದು, ಅತಿ ಹೆಚ್ಚು ವಿಕೆಟ್‌ಗೆ ಕೊಡೋ ಪರ್ಪಲ್ ಕ್ಯಾಪ್ ಗೆದ್ದರು. ಆದರೆ ಆ ಜೆರ್ಸಿ ಹಾಕೋ ಮುಂಚೆ ಏನಾಯ್ತು ನೋಡಿ. ಆಸ್ಟ್ರೇಲಿಯಾದಲ್ಲಿ ಭಾರತ 'ಎ' ಪರ ಆಡಿ, 2025ರ ಜನವರಿಯಲ್ಲಿ ಸಿಡ್ನಿ ಟೆಸ್ಟಲ್ಲಿ ಆರು ವಿಕೆಟ್ ತೆಗೆದಿದ್ದರು. ಅಡಿಪಾಯ ಹಾಕಿದ್ದು ಹಳೇ ಜೆರ್ಸಿಯಲ್ಲೇ. ಬೇಸ್‌ಬಾಲಲ್ಲಿ ಪಿಚರ್ (ಬಾಲ್ ಎಸೆಯೋನು) ಕ್ರಿಸ್ ಸೇಲ್‌ದೂ ಇದೇ ಕಥೆ. 2020ರಲ್ಲಿ ಮೊಣಕೈ ಲಿಗಮೆಂಟಿನ ಟಾಮಿ ಜಾನ್ ಆಪರೇಷನ್, 2022ರಲ್ಲಿ ಪಕ್ಕೆಲುಬು, ಬೆರಳು, ಕೊನೆಗೆ ಸೈಕಲ್ಲಿಂದ ಬಿದ್ದು ಮಣಿಕಟ್ಟು. ಬಾಸ್ಟನ್‌ನಿಂದ ಅಟ್ಲಾಂಟಾಕ್ಕೆ ಹೋದ ಮೊದಲ ವರ್ಷ, 2024ರಲ್ಲಿ, 18 ಗೆಲುವು, 3 ಸೋಲು, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ. ಹೊಸ ತಂಡದ ಮಹಿಮೆ ಅನ್ನೋದು ಸುಲಭ. ಅದರ ಹಿಂದಿನ ವರ್ಷ ಬಾಸ್ಟನ್‌ಗೇ 20 ಪಂದ್ಯಗಳಲ್ಲಿ ಶುರುವಿನಿಂದ ಎಸೆದಿದ್ದ.

ಹಾಗಾಗಿ ಮುಂದಿನ ತಿಂಗಳು ಸೇರಬೇಡಿ. ಕ್ಲಬ್ಬಿನವರ ಹತ್ತಿರ ಎಂಟು ವಾರ ಟೈಮ್ ಕೇಳಿ.

ಅದಕ್ಕೂ ಮೊದಲು ಡಾಕ್ಟರ್ ಹತ್ತಿರ ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿ: ಮೂಳೆಯೊಳಗಿನ ಊತ ಇಳಿದಿದೆಯಾ, ಬಿರುಕು ಕೂಡಿದೆಯಾ? ಊತ ಇಳಿದರೆ ನೋವು ಹೋಗುತ್ತೆ, ಆದರೆ ನೋವು ಹೋಯ್ತು ಅಂದ ಮಾತ್ರಕ್ಕೆ ಕೂಡಿದೆ ಅಂತಲ್ಲ. ಬರೀ ಎಕ್ಸ್‌ರೇ ನೋಡಿ "ಏನಿಲ್ಲ ಹೋಗಪ್ಪ" ಅಂದರೆ ನಂಬಬೇಡಿ, ಈ ಬಿರುಕು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣೋದೇ ಇಲ್ಲ. ಎಡಗಾಲ ಮೇಲೊಂದೇ ನಿಂತು ಹಿಂದಕ್ಕೆ ಬಾಗಿದಾಗ ಚುಚ್ಚಿದರೆ ಒಂದು ಬಾಲೂ ಹಾಕಬೇಡಿ.

ಒಪ್ಪಿಗೆ ಸಿಕ್ಕ ಮೇಲೆ ವಾರಕ್ಕೆ ಮೂರೇ ದಿನ, ನಡುವೆ ಒಂದು ದಿನ ಬಿಡುವು. ಮೊದಲ ವಾರ ದಿನಕ್ಕೆ 24 ಬಾಲು, ನಾಲ್ಕು ಹೆಜ್ಜೆಯಿಂದ. ಎರಡನೇ ವಾರವೂ 24, ಅರ್ಧ ರನ್‌ಅಪ್. ಮೂರು, ನಾಲ್ಕನೇ ವಾರ 30. ಐದು, ಆರು 36. ಏಳು, ಎಂಟು 42. ಬಾಲು ಏರಿಸಿದ ವಾರ ವೇಗ ಏರಿಸಬಾರದು, ವೇಗ ಏರಿಸಿದ ವಾರ ಬಾಲು ಏರಿಸಬಾರದು. ಪೂರ್ತಿ ರನ್‌ಅಪ್ ನಾಲ್ಕನೇ ವಾರದಲ್ಲಿ, ಪೂರ್ತಿ ವೇಗ ಎಂಟನೇದರಲ್ಲಿ ಮಾತ್ರ. ಸಣ್ಣ ನೋವು ಬಂದರೂ ಅಲ್ಲೇ ನಿಲ್ಲಿಸಿ ಫಿಸಿಯೊಗೆ ತೋರಿಸಿ. ಕೊನೆಯ ನಾಲ್ಕು ವಾರ 108, 108, 126, 126 ಆಗುತ್ತೆ, ಸರಾಸರಿ 117. ಅದರ 1.3 ಪಟ್ಟು 152. ಹೊಸ ಕ್ಲಬ್ಬಿನ ಮೊದಲ ವಾರಕ್ಕೆ ನಿಮ್ಮ ಹತ್ತಿರ ಇರೋ ಬಂಡವಾಳ ಅಷ್ಟೇ. 36ರ ಎರಡು ನೆಟ್ಸ್, ಒಂದು ಪಂದ್ಯಕ್ಕೆ 10 ಓವರ್, ವಾರ್ಮ್‌ಅಪ್ 12. ಅಲ್ಲಿಗೆ 144. ಉಳಿದ ಎಂಟು ನೋಬಾಲು, ವೈಡಿಗೆ ಬೇಕು. ಭಾನುವಾರದ ಪಂದ್ಯಕ್ಕೆ ಏನೂ ಉಳಿಯಲ್ಲ.

ಆ್ಯಕ್ಷನ್ ನೋಡಬೇಕಂದ್ರೆ ನೆಟ್ಸ್ ಕಂಬದ ತುದಿಗೆ ಫೋನ್ ಕಟ್ಟಿ, ಕ್ರೀಸಿನ ಮೇಲಿಂದ ಸ್ಲೋ ಮೋಷನಲ್ಲಿ ತೆಗೆಯಿರಿ. ಹಿಂಗಾಲು ಬಿದ್ದಾಗ ಎರಡು ಭುಜ ಸೇರಿಸೋ ಗೆರೆ ಎಲ್ಲಿದೆ ನೋಡಿ. ಮುಂಗಾಲು ಬೀಳೋದ್ರೊಳಗೆ ಅದು ಇನ್ನೂ 30 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ತಿರುಗಿದರೆ ನಿಮ್ಮದು ಮಿಕ್ಸೆಡ್ ಆ್ಯಕ್ಷನ್: ಸೊಂಟ ಎದುರಿಗೆ, ಭುಜ ಪಕ್ಕಕ್ಕೆ, ನಡುವೆ ಬೆನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ. ತಿದ್ದೋಕೆ ಒಂದು ಸೀಸನ್ನೇ ಹಿಡಿಯಬಹುದು. ಹೊಸ ಕ್ಲಬ್ಬಿನ ಕೋಚ್ ಮೊದಲ ವಾರವೇ ಆ್ಯಕ್ಷನ್‌ಗೆ ಕೈ ಹಾಕಿದರೆ ಬೇಡ ಸಾರ್ ಅನ್ನಿ.

ಆಫ್ ಸ್ಪಿನ್ ವಿಷಯ ಬಿಡಿ. ಹದಿನಾಲ್ಕನೇ ವಯಸ್ಸಿಂದ ಅದನ್ನೇ ಹಾಕ್ತಾ ಬಂದಿರೋರು ಪ್ರತಿ ಕ್ಲಬ್ಬಲ್ಲೂ ನಾಲ್ಕು ಜನ ಇದ್ದಾರೆ.

ಕ್ಲಬ್ಬಿಗೆ ಸಹಿ ಹಾಕೋ ಮುಂಚೆ ಕ್ಯಾಪ್ಟನ್‌ಗೆ ಒಂದು ಚೀಟಿ ಬರೆದುಕೊಡಿ: ಸ್ಪೆಲ್ಲಿಗೆ ನಾಲ್ಕು ಓವರ್, ದಿನಕ್ಕೆ ಹತ್ತು, ಮೊದಲ ತಿಂಗಳು ಶನಿವಾರ ಆಡಿದರೆ ಭಾನುವಾರ ಇಲ್ಲ. ನಕ್ಕರೆ ಆ ಕ್ಲಬ್ಬು ಬೇಡ. ಒಪ್ಪಿಕೊಂಡರೂ, ಐದನೇ ಓವರ್ ಹೊತ್ತಿಗೆ ಜೊತೆಯಾಟ ಬೆಳೆದಿರುತ್ತೆ, ಬಾಲು ನಿಮ್ಮ ಕೈಗಿಟ್ಟು "ಒಂದೇ ಒಂದು ಓವರ್ ಗುರು" ಅಂತಾರೆ. ಚೀಟಿ ಇರೋದು ಆ ಗಳಿಗೆಗೇ.

ನೆಟ್ಸ್‌ಗೆ ಚೀಟಿಯೂ ಸಾಲಲ್ಲ, ಅಲ್ಲಿ ಯಾರೂ ಸ್ಕೋರ್ ಬರೆಯಲ್ಲ. ಮನೆಯಿಂದ 36 ಹುಣಿಸೆ ಬೀಜ ಎಣಿಸಿಕೊಂಡು ಹೋಗಿ. ರನ್‌ಅಪ್ ಶುರುವಾಗೋ ಜಾಗದಲ್ಲಿ ಟೋಪಿ ಮಗುಚಿಟ್ಟು ಅದರೊಳಗೆ ಹಾಕಿ. ಪ್ರತಿ ಬಾಲಿಗೂ ಒಂದು ತೆಗೆದು ಹುಲ್ಲಿಗೆಸೀರಿ, ವಾರ್ಮ್‌ಅಪ್ ಬಾಲಿಗೂ, ಕಾಲು ಗೆರೆ ದಾಟಿದ್ದಕ್ಕೂ. ಟೋಪಿ ಖಾಲಿಯಾದ ತಕ್ಷಣ ಅದನ್ನ ತಲೆಗೆ ಹಾಕಿಕೊಂಡು ಶೂ ಬಿಚ್ಚಿ. ಶೂ ಬಿಚ್ಚಿದವರನ್ನು ಇನ್ನೊಂದು ಓವರ್‌ಗೆ ಕರೆಯೋದು ಕಮ್ಮಿ.